ಮೊದಲ ಸ್ಕ್ಯಾನ್ ಯಾವ ವಾರದಲ್ಲಿ?

(ಪುಣೆಯಲ್ಲಿ ನಮ್ಮ ಮಹಿಳಾ ವೇದಿಕೆಯ ಸಂಕ್ರಾಂತಿ ಅರಿಶಿನ-ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹಿಂಜವಡಿಯ ಐ.ಟಿ. ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಎಂ.ಟೆಕ್.ನಲ್ಲಿ ಓದಿದ್ದು ಸಿಗ್ನಲ್ ಪ್ರೊಸೆಸಿಂಗ್. ಶಬ್ದದ ಅಲೆಗಳಿಂದ ಚಿತ್ರ ಮಾಡುವುದು ಹೇಗೆ ಎಂಬುದು ಆಗ ನನಗೆ ಪರೀಕ್ಷೆಯ ಪ್ರಶ್ನೆ ಮಾತ್ರ ಆಗಿತ್ತು. ಎರಡು ಮಕ್ಕಳಾದ ಮೇಲೆ, ನಮ್ಮ ಸೊಸೈಟಿಯ ನಾಲ್ಕೈದು ಜನ ಹುಡುಗಿಯರ ಜೊತೆ ಸೋನೋಗ್ರಫಿ ಸೆಂಟರಿನ ಬೆಂಚಿನ ಮೇಲೆ ಕುಳಿತು ಬಂದ ಮೇಲೆ, ಅದು ಬೇರೆಯೇ ವಿಷಯ ಆಯಿತು. ಇವತ್ತು ಹೇಳುವುದನ್ನೆಲ್ಲ ನನ್ನ ಹೆರಿಗೆ ಮಾಡಿಸಿದ ಡಾಕ್ಟರಿಗೆ ಓದಿ ಹೇಳಿ, ಅವರು ತಿದ್ದಿದ ಕಡೆ ತಿದ್ದಿಕೊಂಡೇ ಬಂದಿದ್ದೇನೆ. ಆದರೂ ನಿಮ್ಮ ಡಾಕ್ಟರ್ ನಿಮ್ಮನ್ನು ನೋಡಿ ಹೇಳುವ ಮಾತು ನನ್ನ ಮಾತಿಗಿಂತ ದೊಡ್ಡದು.

ನಮ್ಮ ಕಡೆ ಸ್ಕ್ಯಾನಿಂಗ್ ಅನ್ನುತ್ತೇವೆ, ಇಲ್ಲಿ ಸೋನೋಗ್ರಫಿ ಅನ್ನುತ್ತಾರೆ. ಹೆಸರು ಯಾವುದಾದರೂ ಪ್ರಶ್ನೆ ಒಂದೇ. ಮನೆಯಲ್ಲಿ ಟೆಸ್ಟ್ ಮಾಡಿದಾಗ ಎರಡು ಗೆರೆ ಬಂತು. ಈಗ ಸ್ಕ್ಯಾನಿಗೆ ಯಾವಾಗ ಹೋಗಬೇಕು? ಇವತ್ತೇನಾ, ಮುಂದಿನ ವಾರವಾ, ಮೂರು ತಿಂಗಳು ತುಂಬಿದ ಮೇಲಾ?

ಇದರಲ್ಲಿ ಕಷ್ಟ ಏನಿದೆ ಅಂತ ನಮ್ಮ ಹಿರಿಯರಿಗೆ ಅನಿಸಬಹುದು. ನಿಮ್ಮ ಕಾಲದಲ್ಲಿ ಸ್ಕ್ಯಾನ್ ಅಂದರೆ ಏಳನೇ ತಿಂಗಳಲ್ಲಿ ಒಮ್ಮೆ, ಅದೂ ತಾಲೂಕಿನ ಊರಿಗೆ ಬಸ್ಸಿನಲ್ಲಿ ಹೋಗಿ. ಈಗ ನಮ್ಮ ಮನೆಯಿಂದ ಅರ್ಧ ಕಿಲೋಮೀಟರಿನೊಳಗೆ ಮೂರು ಸೆಂಟರ್ ಇವೆ. ಹುಡುಗಿ ಬೆಳಗ್ಗೆ ಟೆಸ್ಟ್ ಮಾಡಿಕೊಳ್ಳುತ್ತಾಳೆ, ಮಧ್ಯಾಹ್ನ ಅಪಾಯಿಂಟ್‌ಮೆಂಟ್, ಸಂಜೆ ಕೈಯಲ್ಲಿ ರಿಪೋರ್ಟ್. ಆ ರಿಪೋರ್ಟಿನಲ್ಲಿ ಏನೂ ಕಾಣಿಸಲಿಲ್ಲ ಅಂತ ಬರೆದಿರುತ್ತದೆ. ಅವಳ ತಾಯಿ ಊರಲ್ಲಿ, ಗಂಡ ಕಾಲ್‌ನಲ್ಲಿ, ಅವಳು ಮೊಬೈಲ್ ಹಿಡಿದು ರಾತ್ರಿಯೆಲ್ಲ ಓದುತ್ತಾ ಕೂತಿರುತ್ತಾಳೆ. ನಾನು ನೋಡಿದ ಹೆಚ್ಚಿನ ಕಣ್ಣೀರು ಈ ಒಂದು ವಾರದ್ದು.

ಮೊದಲು ಲೆಕ್ಕ ನೋಡೋಣ. ಬಸಿರಿನ ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲನೇ ದಿನದಿಂದ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹೀಗಾಗಿ ಮುಟ್ಟು ತಪ್ಪಿದ ದಿನವೇ ಲೆಕ್ಕದಲ್ಲಿ ನಾಲ್ಕು ವಾರ ಆಗಿರುತ್ತದೆ. ಒಳಗಿನ ಜೀವಕ್ಕೆ ಮಾತ್ರ ಎರಡೇ ವಾರ. ಕಂಪ್ಯೂಟರಿನವರಿಗೆ ಈ ಲೆಕ್ಕ ವಿಚಿತ್ರ ಅನಿಸುತ್ತದೆ, ಆದರೆ ಬಸಿರು ನಿಂತ ದಿನ ಯಾರಿಗೂ ಗೊತ್ತಿರುವುದಿಲ್ಲ, ಮುಟ್ಟಾದ ದಿನ ಗೊತ್ತಿರುತ್ತದೆ, ಅದಕ್ಕೇ ಹೀಗೆ. ಹೆರಿಗೆ ತಾರೀಖಿಗೆ ಡಾಕ್ಟರುಗಳು ಹಾಕುವ ಹಳೆಯ ಸೂತ್ರವೊಂದಿದೆ, ಜರ್ಮನಿಯ ನೇಗೆಲೆ ಎಂಬ ವೈದ್ಯರ ಹೆಸರಿನದು. ಕೊನೆಯ ಮುಟ್ಟಿನ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಬೇಕು. ಜನವರಿ 10 ಆದರೆ ಅಕ್ಟೋಬರ್ 17. ನಮ್ಮ ಅಜ್ಜಿಯರು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಿದ್ದರು. ಎರಡೇ ದಿನದ ವ್ಯತ್ಯಾಸ!

ಈ ಲೆಕ್ಕದ ಒಳಗೆ ಒಂದು ಊಹೆ ಅಡಗಿದೆ. ಎಲ್ಲರಿಗೂ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತದೆ, 14ನೇ ದಿನ ಅಂಡಾಣು ಹೊರಬರುತ್ತದೆ ಅಂತ. ಇಲ್ಲಿ ಕುಳಿತವರಲ್ಲಿ ಎಷ್ಟು ಜನರಿಗೆ ಹಾಗಾಗುತ್ತದೆ, ಕೈ ಎತ್ತಿ ಅಂದರೆ ಎಷ್ಟು ಕೈ ಮೇಲೆ ಬಂದಾವು? ಪಿಸಿಓಡಿ ಇದ್ದವರಿಗೆ 35, 40 ದಿನ ಆಗುವುದೂ ಉಂಟು. ನೈಟ್ ಶಿಫ್ಟ್ ಮಾಡುವ ಹುಡುಗಿಯರು ತಮ್ಮ ದಿನಗಳೂ ಹಿಂದೆ ಮುಂದೆ ಆಗುತ್ತವೆ ಅನ್ನುತ್ತಾರೆ. 35 ದಿನದ ಚಕ್ರದವಳಿಗೆ ಅಂಡಾಣು ಬರುವುದು ಸುಮಾರು 21ನೇ ದಿನ. ಅವಳು ಆರು ವಾರ ಅಂತ ಹೇಳಿದರೆ ಒಳಗೆ ಆಗಿರುವುದು ಐದೇ ವಾರ. ಈ ವಯಸ್ಸಿನ ಬಸಿರಿನಲ್ಲಿ ಒಂದು ವಾರ ಅಂದರೆ ಎಷ್ಟು ಅಂತ ನೋಡಿ.

ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ, ಅಂದರೆ ಟಿವಿಎಸ್‌ನಲ್ಲಿ, ಹೆಚ್ಚುಕಡಿಮೆ ಐದನೇ ವಾರಕ್ಕೆ ಗರ್ಭಕೋಶದೊಳಗೆ ಎರಡು-ಮೂರು ಮಿಲಿಮೀಟರಿನ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಸಾಸಿವೆ ಕಾಳಿನಷ್ಟು. ಅದೇ ಭ್ರೂಣದ ಚೀಲ, ರಿಪೋರ್ಟಿನಲ್ಲಿ ಜೆಸ್ಟೇಷನಲ್ ಸ್ಯಾಕ್ ಅಂತ ಬರೆದಿರುತ್ತಾರೆ. ಐದೂವರೆ ವಾರಕ್ಕೆ ಅದರೊಳಗೆ ಒಂದು ಸಣ್ಣ ಉಂಗುರ, ಯೋಕ್ ಸ್ಯಾಕ್. ಆರು ವಾರದ ಸುಮಾರಿಗೆ ಆ ಉಂಗುರದ ಪಕ್ಕದಲ್ಲಿ ಭ್ರೂಣ, ಅದರಲ್ಲಿ ಮಿಣಮಿಣ ಅನ್ನುವ ಎದೆಬಡಿತ. ಹೊಟ್ಟೆಯ ಮೇಲಿಂದ ಮಾಡಿದರೆ ಇವೆಲ್ಲ ಸುಮಾರು ಒಂದು ವಾರ ತಡವಾಗಿ ಕಾಣುತ್ತವೆ. ಆಮೇಲೆ ಭ್ರೂಣ ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಈಗ ಹೇಳಿ, ಐದು ವಾರಕ್ಕೆ ಹೋದವಳಿಗೆ ಎದೆಬಡಿತ ಎಲ್ಲಿಂದ ತೋರಿಸುತ್ತಾರೆ? ಅಲ್ಲಿ ಇನ್ನೂ ಹೃದಯವೇ ಕಾಣುವ ಹಂತಕ್ಕೆ ಬಂದಿಲ್ಲ. ರಿಪೋರ್ಟಿನಲ್ಲಿ ಎದೆಬಡಿತ ಕಾಣಲಿಲ್ಲ ಅಂತ ಬರೆದದ್ದು ಸತ್ಯ. ಅದನ್ನು ಕೆಟ್ಟ ಸುದ್ದಿ ಅಂತ ಓದಿದ್ದು ನಮ್ಮ ಅವಸರ.

ಸ್ವಲ್ಪ ನನ್ನ ಓದಿನ ಕಡೆ ಹೋಗುತ್ತೇನೆ, ಎರಡೇ ನಿಮಿಷ. ಈ ಯಂತ್ರ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಇಯಾನ್ ಡೊನಾಲ್ಡ್ ಎಂಬ ಹೆಂಗಸರ ಡಾಕ್ಟರ್, ಕಾರ್ಖಾನೆಯಲ್ಲಿ ಲೋಹದ ಬೆಸುಗೆಯ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರ ನೋಡಿ, ಇದನ್ನೇ ಹೊಟ್ಟೆಯ ಮೇಲೆ ಇಟ್ಟರೆ ಹೇಗೆ ಅಂದುಕೊಂಡರು. ಆ ಯೋಚನೆಯನ್ನು ಯಂತ್ರವಾಗಿ ಮಾಡಿದ್ದು ಟಾಮ್ ಬ್ರೌನ್ ಎಂಬ ಇಪ್ಪತ್ತರ ಹರೆಯದ ಎಂಜಿನಿಯರ್. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದೇ ಊರಿನ ಹ್ಯೂ ರಾಬಿನ್ಸನ್ 1973ರಲ್ಲಿ, ಭ್ರೂಣವನ್ನು ತಲೆಯಿಂದ ಕುಂಡೆಯವರೆಗೆ ಅಳೆದರೆ ವಯಸ್ಸು ಕೆಲವೇ ದಿನದ ವ್ಯತ್ಯಾಸದಲ್ಲಿ ಹೇಳಬಹುದು ಅಂತ ತೋರಿಸಿದರು. ನಿಮ್ಮ ರಿಪೋರ್ಟಿನಲ್ಲಿ ಸಿಆರ್‌ಎಲ್ ಅಂತ ಇರುತ್ತದಲ್ಲ, ಅದು ಈ ಅಳತೆ. ಎಂಜಿನಿಯರ್ ಹೆಸರು ಯಾರಿಗೂ ನೆನಪಿರುವುದಿಲ್ಲ, ಅದಕ್ಕೇ ಹೇಳಿದೆ.

ಶಬ್ದ ನಮ್ಮ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. ಶಬ್ದದ ಕಂಪನ ಹೆಚ್ಚಿದಷ್ಟೂ ಸಣ್ಣ ವಸ್ತು ಸ್ಪಷ್ಟ ಕಾಣುತ್ತದೆ, ಆದರೆ ಆ ಶಬ್ದ ಬಹಳ ಆಳಕ್ಕೆ ಇಳಿಯುವುದಿಲ್ಲ. ಹೊಟ್ಟೆಯ ಮೇಲಿಂದ ನೋಡುವಾಗ ಚರ್ಮ, ಕೊಬ್ಬು ಎಲ್ಲ ದಾಟಿ ಹೋಗಬೇಕು. ಒಳಗಿನಿಂದ ನೋಡುವಾಗ ಗರ್ಭಕೋಶ ಪಕ್ಕದಲ್ಲೇ ಇರುತ್ತದೆ. ಆರಂಭದ ವಾರಗಳಲ್ಲಿ ಟಿವಿಎಸ್ ಕೇಳುವುದು ಈ ಕಾರಣಕ್ಕೆ. ನಮ್ಮ ಹೆಣ್ಣುಮಕ್ಕಳಿಗೆ ಅದರ ಹೆಸರು ಕೇಳಿದರೇ ಮುಜುಗರ. ಮಗುವಿಗೆ ತಾಗುತ್ತದೆಯೋ, ಬಸಿರು ಜಾರುತ್ತದೆಯೋ ಅನ್ನುವ ಹೆದರಿಕೆ ಬೇರೆ. ಅದರಿಂದ ಬಸಿರು ಇಳಿಯುವುದಿಲ್ಲ. ಮೂತ್ರ ತಡೆದು ಲೀಟರುಗಟ್ಟಲೆ ನೀರು ಕುಡಿದು ಕೂರುವುದೂ ಇದಕ್ಕೆ ಬೇಡ, ಅದು ಹೊಟ್ಟೆಯ ಮೇಲಿನ ಸ್ಕ್ಯಾನಿಗೆ. ಹೆಂಗಸು ಡಾಕ್ಟರೇ ಬೇಕು ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಬಹುದು. ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಇರಲಿ ಅಂತಲೂ ಕೇಳಬಹುದು. ನಾಚಿಕೆ ಪಡಬೇಡಿ.

ಈಗ ಒಬ್ಬ ಹುಡುಗಿಯ ವಿಷಯ. ಅವಳು ಒಪ್ಪಿದ್ದರಿಂದಲೇ ಹೇಳುತ್ತಿದ್ದೇನೆ, ಹೆಸರು ಬೇಡ. ಧಾರವಾಡದ ಕಡೆಯವಳು, ನಮ್ಮ ಮೇಲಿನ ಮಹಡಿಯಲ್ಲಿ ಇದ್ದಳು, ನನ್ನನ್ನು ಅಕ್ಕಾ ಅನ್ನುತ್ತಾಳೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಟೆಸ್ಟ್ ಪಾಸಿಟಿವ್ ಬಂತು. ಮುಟ್ಟಿನ ಲೆಕ್ಕಕ್ಕೆ ಸರಿಯಾಗಿ ಆರು ವಾರಕ್ಕೆ ಸ್ಕ್ಯಾನ್. ರಿಪೋರ್ಟಿನಲ್ಲಿ 6 ಮಿಲಿಮೀಟರಿನ ಚೀಲ, ಒಳಗೆ ಏನೂ ಇಲ್ಲ. ನೋಡಿದ ಡಾಕ್ಟರ್, "ಬೆಳವಣಿಗೆ ನಿಂತಿದೆ, ಗುಳಿಗೆ ಕೊಡುತ್ತೇನೆ, ಶನಿವಾರ ಬನ್ನಿ, ಇಲ್ಲದಿದ್ದರೆ ಸ್ವಚ್ಛ ಮಾಡಬೇಕಾಗುತ್ತದೆ" ಅಂದರಂತೆ. ಅವಳು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಅವಳ ತಾಯಿ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ಬಾಯಾರ, ನಾ ಬರೂದು ಎರಡು ದಿನ ಆಗ್ತದ, ಅಕಿ ಒಬ್ಬಾಕಿನ ಇರ್ತಾಳ, ಅಲ್ಲೀತನಕ ಅಕಿನ್ನ ನೋಡ್ಕೋರಿ."

ನಾನು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, ನಿನಗೆ ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತದೆ? 35, ಒಮ್ಮೊಮ್ಮೆ 36. ಇದನ್ನು ಅಲ್ಲಿ ಯಾರಾದರೂ ಕೇಳಿದರಾ? ಇಲ್ಲ. ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ರಿಪೋರ್ಟ್ ನೋಡಿ ಮೊದಲು ಕೇಳಿದ್ದೂ ಅದನ್ನೇ. 6 ಮಿಲಿಮೀಟರಿನ ಚೀಲ ಅಂದರೆ ಐದು ವಾರದ ಬಸಿರಿಗೆ ಸರಿಯಾಗಿಯೇ ಇದೆ, ಈಗ ಏನನ್ನೂ ಹೇಳಲು ಬರುವುದಿಲ್ಲ, ಎರಡು ವಾರ ಬಿಟ್ಟು ಬನ್ನಿ, ನೋವು ರಕ್ತಸ್ರಾವ ಆದರೆ ತಕ್ಷಣ ಬನ್ನಿ ಅಂದರು. ಆ ಹದಿನಾಲ್ಕು ದಿನ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಎರಡನೇ ಸ್ಕ್ಯಾನಿನಲ್ಲಿ 10 ಮಿಲಿಮೀಟರಿನ ಭ್ರೂಣ, ಎದೆಬಡಿತ ಚೆನ್ನಾಗಿತ್ತು. ಆ ಮಗು ಈಗ ನಮ್ಮ ಲಿಫ್ಟಿನ ಎಲ್ಲ ಬಟನ್ ಒಟ್ಟಿಗೆ ಒತ್ತುವ ವಯಸ್ಸಿಗೆ ಬಂದಿದೆ.

ಇದು ಅದೃಷ್ಟದ ಮಾತಲ್ಲ, ಇದಕ್ಕೆ ಅಳತೆ ಇದೆ. 2012ರಲ್ಲಿ ಅಮೆರಿಕದಲ್ಲಿ ಅಲ್ಟ್ರಾಸೌಂಡ್ ರೇಡಿಯಾಲಜಿಸ್ಟರ ಸಂಘ ಕರೆದ ತಜ್ಞರ ಸಭೆಯೊಂದು ಇದನ್ನೇ ಚರ್ಚಿಸಿತು. ಮರುವರ್ಷ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಅದನ್ನು ಪ್ರಕಟಿಸಿತು. ಟಿವಿಎಸ್‌ನಲ್ಲಿ ಭ್ರೂಣ 7 ಮಿಲಿಮೀಟರ್ ಅಥವಾ ಹೆಚ್ಚು ಇದ್ದು ಎದೆಬಡಿತ ಇಲ್ಲದಿದ್ದರೆ ಮಾತ್ರ ಬಸಿರು ನಿಂತಿದೆ ಅಂತ ಖಚಿತವಾಗಿ ಹೇಳಬೇಕು. ಭ್ರೂಣವೇ ಕಾಣದಿದ್ದರೆ ಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಮುಟ್ಟಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಅನುಮಾನ ಅನ್ನಬಹುದು, ತೀರ್ಮಾನ ಅನ್ನಬಾರದು. ಅಳತೆ ಸಣ್ಣದಿದ್ದಾಗ ಕಾಲವೇ ಪರೀಕ್ಷೆ: ಯೋಕ್ ಸ್ಯಾಕ್ ಇಲ್ಲದ ಚೀಲ ಕಂಡಿದ್ದರೆ ಎರಡು ವಾರ, ಯೋಕ್ ಸ್ಯಾಕ್ ಇದ್ದ ಚೀಲ ಕಂಡಿದ್ದರೆ 11 ದಿನ. ಅಷ್ಟಾದ ಮೇಲೂ ಎದೆಬಡಿತವಿರುವ ಭ್ರೂಣ ಕಾಣದಿದ್ದರೆ ಆಗ ಖಚಿತ. ಇದಕ್ಕೂ ಹಿಂದೆ 5 ಮಿಲಿಮೀಟರ್, 16 ಮಿಲಿಮೀಟರ್ ಅಂತ ಅಳತೆ ಇಟ್ಟುಕೊಂಡಿದ್ದರು. ಆ ಅಳತೆಯಲ್ಲಿ ಬದುಕಿರುವ ಬಸಿರನ್ನೂ ಹೋಯಿತು ಅನ್ನುವ ಸಂಭವ ಇತ್ತು ಅಂತಲೇ ಬದಲಿಸಿದ್ದು. ಇಷ್ಟು ಸಣ್ಣದನ್ನು ಇಬ್ಬರು ಅಳೆದರೆ ಇಬ್ಬರಿಗೂ ಒಂದೇ ಸಂಖ್ಯೆ ಬರುವುದಿಲ್ಲ, ನೆನಪಿಡಿ.

7 ಮತ್ತು 25. ಈ ಎರಡು ಸಂಖ್ಯೆ ನಿಮ್ಮ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರ್ ಜೊತೆ ಜಗಳಕ್ಕಲ್ಲ. "ಮೇಡಂ, ಅಳತೆ ಎಷ್ಟಿದೆ? ಒಂದು ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡಬಹುದಾ?" ಅಂತ ಕೇಳಲು ಧೈರ್ಯ ಬರುತ್ತದೆ. ಒಳ್ಳೆಯ ಡಾಕ್ಟರುಗಳು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಇನ್ನೊಂದು ಮಾತನ್ನೂ ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತೆ. ಕಾದವರೆಲ್ಲರಿಗೂ ಎದೆಬಡಿತ ಸಿಗುವುದಿಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾನಾಗಿಯೇ ಹೋಗುತ್ತವೆ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲಿ. ಅದರಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಬೇಗ ಸ್ಕ್ಯಾನ್ ಮಾಡಿಸಿದ್ದರೆ ಉಳಿಯುತ್ತಿತ್ತು ಅನ್ನುವಂಥದ್ದು ಅದರಲ್ಲಿ ಇಲ್ಲ. ಪಪ್ಪಾಯಿ ತಿಂದಿದ್ದಕ್ಕೆ, ಸ್ಕೂಟಿ ಓಡಿಸಿದ್ದಕ್ಕೆ, ಆಫೀಸಿಗೆ ಹೋದದ್ದಕ್ಕೆ ಅಂತ ಹುಡುಗಿಯ ಮೇಲೆ ಹಾಕಬೇಡಿ. ನನ್ನ ಇನ್ನೊಬ್ಬ ಗೆಳತಿ ಹತ್ತು ದಿನ ಕಾದು ಎರಡನೇ ಸ್ಕ್ಯಾನಿನಲ್ಲಿ ಇಲ್ಲ ಅಂತ ಕೇಳಿ ಬಂದಳು. ಒಂದು ವರ್ಷದ ಮೇಲೆ ಅವಳು ನನಗೆ ಹೇಳಿದ್ದು, "ಅವತ್ತು ಗೊತ್ತಾಗಿ ಹೋಯ್ತು ಕಣೇ. ನಾನೇ ಅವಸರ ಮಾಡಿ ತೆಗೆಸಿಬಿಟ್ಟೆನಾ ಅನ್ನೋ ಯೋಚನೆ ರಾತ್ರಿ ಬರೋದಿಲ್ಲ."

ಹಾಗಾದರೆ ಎಲ್ಲರೂ ಸುಮ್ಮನೆ ಕಾಯಬೇಕಾ? ಖಂಡಿತ ಇಲ್ಲ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ನೂರು ಬಸಿರಿನಲ್ಲಿ ಒಂದೆರಡು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ ನಿಲ್ಲುತ್ತವೆ. ಎಕ್ಟೋಪಿಕ್ ಅನ್ನುತ್ತಾರೆ. ಟೆಸ್ಟ್ ಪಾಸಿಟಿವ್ ಬರುತ್ತದೆ, ವಾಂತಿಯೂ ಬರಬಹುದು, ಎಲ್ಲ ಮಾಮೂಲಿನಂತೆ. ನಾಳ ತೆಳ್ಳಗಿರುತ್ತದೆ, ಬಸಿರು ಬೆಳೆದಂತೆ ಒಡೆಯುತ್ತದೆ, ಹೊಟ್ಟೆಯೊಳಗೆ ರಕ್ತ ತುಂಬುತ್ತದೆ. ನಮ್ಮ ಟೀಮಿನ ಒಬ್ಬ ಹುಡುಗಿಗೆ ಬಲಗಡೆ ಕಿಬ್ಬೊಟ್ಟೆ ಎರಡು ದಿನದಿಂದ ನೋಯುತ್ತಿತ್ತು. ಗ್ಯಾಸ್ ಇರಬೇಕು ಅಂತ ಮನೆಯಲ್ಲಿ ಅಜವಾನ ಕೊಟ್ಟರು. ಮೂರು ತಿಂಗಳು ತುಂಬದೆ ಸ್ಕ್ಯಾನ್ ಬೇಡ ಅಂತ ಹಿರಿಯರು ಹೇಳಿದ್ದರು. ಬೆಳಗ್ಗೆ ಮೀಟಿಂಗಿನಲ್ಲಿ ಭುಜ ನೋಯುತ್ತದೆ ಅಂದಳು, ಕಣ್ಣು ಕತ್ತಲೆ ಬಂದು ಕುರ್ಚಿಯಲ್ಲೇ ಕುಸಿದಳು. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ನಾಳ ಒಡೆದಿತ್ತು. ಆಪರೇಷನ್ ಆಯಿತು, ರಕ್ತ ಕೊಟ್ಟರು, ಉಳಿದಳು. ಭುಜಕ್ಕೂ ಬಸಿರಿಗೂ ಏನು ಸಂಬಂಧ ಅಂತ ನಮಗೆ ಯಾರಿಗೂ ಆಗ ತಿಳಿದಿರಲಿಲ್ಲ. ಒಳಗೆ ಸೋರಿದ ರಕ್ತ ಎದೆಯ ಕೆಳಗಿನ ಪೊರೆಗೆ ತಾಗಿದರೆ ನೋವು ಭುಜದ ತುದಿಯಲ್ಲಿ ಕಾಣಿಸುತ್ತದೆ.

ಆದ್ದರಿಂದ ಟೆಸ್ಟ್ ಪಾಸಿಟಿವ್ ಇದ್ದು ಒಂದು ಕಡೆ ಹೊಟ್ಟೆ ನೋವು, ರಕ್ತ, ತಲೆ ಸುತ್ತು, ಭುಜದ ನೋವು ಯಾವುದಿದ್ದರೂ ವಾರ ಎಣಿಸಬೇಡಿ, ಅವತ್ತೇ ಹೋಗಿ, ರಾತ್ರಿಯಾದರೂ ಸರಿ. ಹಿಂದೊಮ್ಮೆ ಎಕ್ಟೋಪಿಕ್ ಆಗಿದ್ದವರು, ನಾಳದ ಆಪರೇಷನ್ ಆದವರು, ಕಾಪರ್-ಟಿ ಇದ್ದೂ ಬಸಿರಾದವರು, ಐವಿಎಫ್ ಮಾಡಿಸಿಕೊಂಡವರು ಕೂಡ ಬೇಗ ಹೋಗಬೇಕು, ಡಾಕ್ಟರ್ ಹೇಳಿದ ದಿನಕ್ಕೆ. ಮೊದಲ ಹೆರಿಗೆ ಸಿಸೇರಿಯನ್ ಆದವರಲ್ಲಿ ಅಪರೂಪಕ್ಕೆ ಬಸಿರು ಹಳೆಯ ಹೊಲಿಗೆಯ ಜಾಗದಲ್ಲೇ ಅಂಟಿಕೊಳ್ಳುವುದುಂಟು, ಅವರೂ ಏಳನೇ ವಾರ ದಾಟಿಸದಿರುವುದು ಒಳ್ಳೆಯದು. ಬೇಗ ಮಾಡಿದ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿ 48 ಗಂಟೆಗೆ ಮತ್ತೆ ಮಾಡುತ್ತಾರೆ. ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ, ಏರಿಕೆ ನೋಡಬೇಕು. ಒಡೆಯುವ ಮೊದಲೇ ಸಿಕ್ಕಿದರೆ ಎಷ್ಟೋ ಬಾರಿ ಇಂಜೆಕ್ಷನ್ನಿನಲ್ಲೇ ಮುಗಿಯುತ್ತದೆ.

ಇದೇ ಜಾಗದಲ್ಲಿ ಮತ್ತೊಂದು. ಬಸಿರು ಈಗ ಬೇಡ ಅಂತ ಮೆಡಿಕಲ್ ಅಂಗಡಿಯಿಂದ ಗುಳಿಗೆ ತರಿಸಿ ನುಂಗುವವರು ಇದ್ದಾರೆ, ವಿದ್ಯಾವಂತರೇ. ಆ ಗುಳಿಗೆ ಗರ್ಭಕೋಶದೊಳಗಿನ ಬಸಿರಿಗೆ ಮಾತ್ರ. ನಾಳದಲ್ಲಿ ಇದ್ದರೆ ರಕ್ತ ಹೋಗುತ್ತದೆ, ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ, ನಾಳದಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಕಾನೂನಿನಲ್ಲಿ ಗುಳಿಗೆಯ ದಾರಿಗೆ ಒಂಬತ್ತು ವಾರದ ಮಿತಿ ಇದೆ, ಅದೂ ಡಾಕ್ಟರ್ ಮೂಲಕ. ಎಷ್ಟು ವಾರ ಅನ್ನುವುದು, ಎಲ್ಲಿದೆ ಅನ್ನುವುದು ಎರಡೂ ಗೊತ್ತಿರಬೇಕು.

ನೋವಿಲ್ಲ, ಹಳೆಯ ತೊಂದರೆ ಇಲ್ಲ, ಎಲ್ಲ ಸರಿ ಇದೆ ಅನ್ನುವವರಿಗೆ? ಏಳು ಮುಗಿದು ಎಂಟನೇ ವಾರ. ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗುವವರಾದರೂ ಆ ಹೊತ್ತಿಗೆ ಒಳಗೆ ಸಾಮಾನ್ಯವಾಗಿ ಆರು ದಾಟಿರುತ್ತದೆ. ಬಸಿರು ಎಲ್ಲಿದೆ, ಒಂದಾ ಎರಡಾ, ಎದೆಬಡಿತ ಇದೆಯಾ, ಎಷ್ಟು ದಿನದ್ದು, ನಾಲ್ಕಕ್ಕೂ ಒಂದೇ ಸಲಕ್ಕೆ ಉತ್ತರ ಸಿಗುತ್ತದೆ. ಡಾಕ್ಟರ್ ಹತ್ತಿರ ಹೋಗುವುದನ್ನು ಅಲ್ಲಿಯವರೆಗೆ ತಡ ಮಾಡಬೇಡಿ. ಡಾಕ್ಟರ್ ಭೇಟಿ ಬೇರೆ, ಸ್ಕ್ಯಾನ್ ಬೇರೆ. ಟೆಸ್ಟ್ ಆದ ವಾರವೇ ಹೋಗಿ, ಫೋಲಿಕ್ ಆಸಿಡ್ ಶುರುಮಾಡಿ, ಥೈರಾಯ್ಡ್, ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ.

ಇಂಗ್ಲೆಂಡಿನಲ್ಲಿರುವ ನನ್ನ ವೈನಿಗೆ ಇದನ್ನು ಹೇಳಿದರೆ ನಗುತ್ತಾಳೆ. ಅಲ್ಲಿಯ ಸರ್ಕಾರಿ ವ್ಯವಸ್ಥೆಯಲ್ಲಿ ತೊಂದರೆ ಇಲ್ಲದವರಿಗೆ ಮೊದಲ ಸ್ಕ್ಯಾನೇ 11ರಿಂದ 14 ವಾರದ ನಡುವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು 24 ವಾರದೊಳಗೆ ಒಂದು ಸ್ಕ್ಯಾನ್ ಆಗಲಿ ಅಂತ. ಹಾಗಾಗಿ ಎಂಟನೇ ವಾರದ ಸ್ಕ್ಯಾನ್ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ತಪ್ಪಿಸಲೇಬಾರದ್ದು ಆಮೇಲಿನದು, 11 ವಾರದಿಂದ 13 ವಾರ 6 ದಿನದೊಳಗಿನದು, ಎನ್‌ಟಿ ಸ್ಕ್ಯಾನ್. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುತ್ತಾರೆ, ಡೌನ್ ಸಿಂಡ್ರೋಮಿನಂಥವುಗಳ ಸಂಭವ ತಿಳಿಯಲು. ಅದರ ಜೊತೆಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆ. 14 ವಾರ ದಾಟಿತೆಂದರೆ ಆ ಅಳತೆಗೆ ಅರ್ಥವಿಲ್ಲ. ಅವಳಿ ಇದ್ದರೆ ಎರಡಕ್ಕೂ ಮಾಸ ಒಂದೇನಾ ಬೇರೆ ಬೇರೆಯಾ ಅಂತ ಚೆನ್ನಾಗಿ ತಿಳಿಯುವುದೂ ಇಷ್ಟರೊಳಗೇ. ಹಬ್ಬಕ್ಕೆ, ಮದುವೆಗೆ ಊರಿಗೆ ಹೋಗುವ ಲೆಕ್ಕ ಹಾಕುವಾಗ ಈ ಮೂರು ವಾರವನ್ನು ಮೊದಲು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ತಾರೀಖಿನ ಬಗ್ಗೆ ನಮ್ಮಲ್ಲಿ ಬಹಳ ಗೊಂದಲ ಇದೆ. ಆರಂಭದ ಸ್ಕ್ಯಾನಿಗೂ ಮುಟ್ಟಿನ ಲೆಕ್ಕಕ್ಕೂ ಒಂಬತ್ತು ವಾರದೊಳಗೆ ಐದು ದಿನಕ್ಕಿಂತ ಹೆಚ್ಚು, ಒಂಬತ್ತರಿಂದ ಹದಿನಾಲ್ಕರೊಳಗೆ ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಕ್ಯಾನಿನ ತಾರೀಖು ಹಿಡಿಯುತ್ತಾರೆ. ಆಮೇಲೆ ಅದನ್ನು ಬದಲಿಸುವುದಿಲ್ಲ. ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಯಂತ್ರ ಬೇರೆ ತಾರೀಖು ಅಚ್ಚು ಹಾಕುತ್ತದೆ, ಮನೆಯಲ್ಲಿ ಗಲಾಟೆ ಆಗುತ್ತದೆ. ಆ ಹೊತ್ತಿಗೆ ಒಂದು ಮಗು ದಪ್ಪ, ಒಂದು ಸಣ್ಣ, ಯಂತ್ರ ದಪ್ಪ ನೋಡಿ ದಿನ ಹೇಳುತ್ತಿದೆ ಅಷ್ಟೇ. ಎಂಟನೇ ವಾರದಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಳತೆ, ಅದಕ್ಕೇ ಆ ತಾರೀಖಿಗೆ ಬೆಲೆ. ಮಗು ಬೆಳೆಯುತ್ತಿಲ್ಲ ಅಂತ ಕೊನೆಯಲ್ಲಿ ಗುರುತಿಸುವುದು, ದಿನ ಮೀರಿತು ಅಂತ ನೋವು ಬರಿಸುವುದು, ಎಲ್ಲದಕ್ಕೂ ಈ ಮೊದಲ ತಾರೀಖೇ ಆಧಾರ. ಕೆಲಸ ಮಾಡುವವರಿಗೆ ರಜೆಗೂ ಅದೇ. 2017ರ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, ಅದರಲ್ಲಿ ಹೆರಿಗೆ ತಾರೀಖಿಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಎಂಟು ವಾರ. ಎಚ್‌ಆರ್‌ನವರು ಕೇಳುವುದು ಈ ತಾರೀಖನ್ನೇ.

ಸೆಂಟರಿನಲ್ಲಿ ಆಧಾರ್ ಕೇಳುತ್ತಾರೆ, ಫಾರ್ಮ್ ತುಂಬಿಸಿಕೊಂಡು ಸಹಿ ಹಾಕಿಸಿಕೊಳ್ಳುತ್ತಾರೆ. ಗಂಡೋ ಹೆಣ್ಣೋ ಪತ್ತೆ ಮಾಡುವುದನ್ನು ತಡೆಯುವ 1994ರ ಕಾಯ್ದೆಯ ಫಾರ್ಮ್ ಅದು, ಆರು ವಾರದ ಸ್ಕ್ಯಾನಿಗೂ ಬೇಕು. ಅದಕ್ಕೂ ಮೊದಲೇ, 1988ರಲ್ಲಿ, ದೇಶದಲ್ಲೇ ಮೊದಲು ಇಂಥ ಕಾಯ್ದೆ ಮಾಡಿದ್ದು ನಾವಿರುವ ಈ ಮಹಾರಾಷ್ಟ್ರ. ಬೇಜಾರು ಮಾಡಿಕೊಳ್ಳದೆ ತುಂಬಿ ಕೊಡಿ.

ಸ್ಕ್ಯಾನಿನಿಂದ ಮಗುವಿಗೆ ತೊಂದರೆಯಾ ಅಂತ ಹಿರಿಯರು ಕೇಳುತ್ತಾರೆ. ಇದು ಎಕ್ಸ್‌ರೇ ಅಲ್ಲ, ಶಬ್ದ. ಅಗತ್ಯಕ್ಕೆ ತಕ್ಕಷ್ಟು ಮಾಡಿದರೆ ಹಾನಿಯಾದ ದಾಖಲೆ ಇಲ್ಲ. ಆದರೆ ಗಂಡಂದಿರಿಗೆ ಒಂದು ಮಾತು, ಮನೆಗೆ ಹೋಗಿ ಹೇಳಿ. ಆರಂಭದ ವಾರಗಳಲ್ಲಿ ಎದೆಬಡಿತದ ಸದ್ದು ಕೇಳಿಸಿ, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂತ ಹಟ ಹಿಡಿಯಬೇಡಿ. ಸದ್ದು ಕೇಳಿಸಲು ಬಳಸುವ ಡಾಪ್ಲರ್‌ನಲ್ಲಿ ಶಕ್ತಿ ಒಂದೇ ಜಾಗದಲ್ಲಿ ಹೆಚ್ಚು ಬೀಳುತ್ತದೆ. ಅಷ್ಟು ಸಣ್ಣ ಭ್ರೂಣಕ್ಕೆ ಅದು ಬೇಡ ಅಂತ ತಜ್ಞರು ಹೇಳುತ್ತಾರೆ. ಪರದೆಯ ಮೇಲೆ ಮಿಡಿಯುವುದನ್ನು ನೋಡಿದರೆ ಸಾಕು.

ಇನ್ನು ಹಿರಿಯರಿಗೆ, ಕಾಕೂ, ಮಾವಶಿ ಅಂತ ನಾವು ಕರೆಯುವ ನಿಮಗೆ. ಮೂರು ತಿಂಗಳು ಯಾರಿಗೂ ಹೇಳಬಾರದು ಅನ್ನುವ ಪದ್ಧತಿ ಇದೆ. ದೃಷ್ಟಿ ತಾಗದಿರಲಿ ಅಂತಲೋ, ಕಳೆದುಕೊಂಡರೆ ನಾಲ್ಕು ಜನ ಕೇಳಬಾರದು ಅಂತಲೋ, ಅದರ ಹಿಂದೆ ಮಮತೆಯೇ ಇದೆ. ಊರಲ್ಲಿ ಅದು ನಡೆಯುತ್ತಿತ್ತು, ಯಾಕೆಂದರೆ ಹೇಳದಿದ್ದರೂ ಮನೆಯಲ್ಲಿ ಅತ್ತೆ, ಅತ್ತಿಗೆ ಇರುತ್ತಿದ್ದರು, ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಇಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಯಾರೂ ಇಲ್ಲ. ಆರನೇ ವಾರದಲ್ಲಿ ಹೊಟ್ಟೆ ನೋವು ಬಂದರೆ ಅವಳು ಯಾರ ಬಾಗಿಲು ಬಡಿಯಬೇಕು? ಊರಿಗೆಲ್ಲ ಡಂಗುರ ಬೇಡ. ಇಬ್ಬರಿಗೆ ಹೇಳಿರಲಿ, ಪಕ್ಕದ ಮನೆಯವರೊಬ್ಬರು, ಆಫೀಸಿನವರೊಬ್ಬರು. ನಮ್ಮ ಸಂಘದಲ್ಲಿ ಹುಡುಗಿಯರು ಕೇಳಿದರೆ ನೀವು ಸ್ಕ್ಯಾನಿಗೆ ಜೊತೆ ಹೋಗುತ್ತೀರಾ? ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತರೆ ಸಾಕು, ಏನೂ ಹೇಳಬೇಕಾಗಿಲ್ಲ. ಹೆಸರು ಕೊಡುವವರು ಕೊನೆಯಲ್ಲಿ ಕಾರ್ಯದರ್ಶಿಯವರ ಹತ್ತಿರ ಬರೆಸಿ. ಮರಾಠಿ ಚೆನ್ನಾಗಿ ಬರುವವರು ಮೊದಲು ಬನ್ನಿ, ಊರಿಂದ ಹೊಸದಾಗಿ ಬಂದ ಹುಡುಗಿಯರಿಗೆ ರಿಸೆಪ್ಷನ್ನಿನಲ್ಲೇ ಅರ್ಧ ಧೈರ್ಯ ಹೋಗಿರುತ್ತದೆ.

ಹೋಗುವಾಗ ಕೊನೆಯ ಮುಟ್ಟಿನ ತಾರೀಖು, ಎಷ್ಟು ದಿನಕ್ಕೊಮ್ಮೆ ಆಗುತ್ತದೆ ಅನ್ನುವುದು, ಟೆಸ್ಟ್ ಮಾಡಿದ ದಿನ, ಇವು ಒಂದು ಚೀಟಿಯಲ್ಲಿ ಇರಲಿ. ಹಳೆಯ ರಿಪೋರ್ಟ್ ಇದ್ದರೆ ತೆಗೆದುಕೊಂಡು ಹೋಗಿ. ಮೊದಲ ಸ್ಕ್ಯಾನಿನ ಕಾಗದದ ಅಕ್ಷರ ಒಂದೆರಡು ವರ್ಷಕ್ಕೆ ಮಾಸಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಡಿ. ಹೆರಿಗೆಗೆ ತವರಿಗೆ ಹೋದಾಗ ಅಲ್ಲಿಯ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ಹತ್ತು ನಿಮಿಷ ಪ್ರಶ್ನೆಗೆ ಸಮಯ ಇದೆ. ಮೈಕಿನಲ್ಲಿ ಕೇಳಲು ಆಗದ್ದನ್ನು ಊಟದ ಹೊತ್ತಿಗೆ ಕೇಳಿ, ನಾನು ಬಡಿಸುವ ಕಡೆ ಇರುತ್ತೇನೆ.